ಹಸಿರು ಜೆರ್ಸಿ ಮತ್ತು ನಮ್ಮ ಬೆಟ್ಟ

(ಅಂಬಾಜಿದುರ್ಗದ ತಪ್ಪಲಿನಲ್ಲಿ ಗ್ರಾಮಸ್ಥರಿಗೂ ವಿದ್ಯಾರ್ಥಿಗಳಿಗೂ ನಡೆದ ಒಂದು ದಿನದ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ಇಂದು ಜೆರ್ಸಿಯ ವಿಷಯ ಮಾತನಾಡುತ್ತೇನೆ ಎಂದಾಗ ಮುಂದಿನ ಸಾಲಿನಲ್ಲಿ ಕುಳಿತಿರುವ ಅಜ್ಜನವರೊಬ್ಬರು, ‘ಹಸುವಿನ ವಿಚಾರವೇನಪ್ಪ?’ ಎಂದು ಕೇಳಿದರು. ಹೈನುಗಾರಿಕೆಯನ್ನೇ ನಂಬಿರುವ ನಮ್ಮ ಸೀಮೆಯಲ್ಲಿ ಈ ಪ್ರಶ್ನೆ ಸಹಜ. ನಾನು ಹೇಳಹೊರಟಿರುವುದು ಆಟಗಾರರು ತೊಡುವ ಅಂಗಿಯ ಕುರಿತು. ಆದರೆ ಅಜ್ಜನವರು ತಪ್ಪೇನೂ ಹೇಳಲಿಲ್ಲ. ಹಸುವಿಗೂ ಅಂಗಿಗೂ ಆ ಹೆಸರು ಬಂದದ್ದು ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ಕಡಲಿನಲ್ಲಿರುವ ಜೆರ್ಸಿ ಎಂಬ ಒಂದೇ ದ್ವೀಪದಿಂದ. ಅಲ್ಲಿನ ಹಸುವಿನ ತಳಿಯಂತೆಯೇ ಅಲ್ಲಿ ಹೆಣೆಯುತ್ತಿದ್ದ ಉಣ್ಣೆಯ ಅಂಗಿಯೂ ಪ್ರಸಿದ್ಧವಾಗಿತ್ತು. ಹಸುವಿನ ಹಾಲು ಯಾರ ಕ್ಯಾನಿಗೆ ಬೀಳುತ್ತದೆಂದು ನಮಗೆ ಚೆನ್ನಾಗಿ ಗೊತ್ತು. ಅಂಗಿಯ ಹಾಲು ಯಾರ ಕ್ಯಾನಿಗೆ ಬೀಳುತ್ತದೆ ಎಂಬುದನ್ನು ಮಾತ್ರ ನಾವು ವಿಚಾರಿಸುವುದಿಲ್ಲ.

ನಮ್ಮ ಮಕ್ಕಳ ಮೈಮೇಲೆ ಹೆಚ್ಚಾಗಿ ಕಾಣುವ ಜೆರ್ಸಿ ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ತಂಡದ್ದು. 2008ರಲ್ಲಿ ಐಪಿಎಲ್ ಪಂದ್ಯಾವಳಿ ಆರಂಭವಾದಾಗ ಈ ತಂಡ ಕೆಂಪು ಮತ್ತು ಹೊನ್ನಿನ ಹಳದಿ ಬಣ್ಣ ತೊಟ್ಟಿತು. ಕನ್ನಡ ಬಾವುಟದ ಬಣ್ಣಗಳೆಂದು ಜನ ಅದನ್ನು ತಮ್ಮದಾಗಿಸಿಕೊಂಡರು. ತಂಡದ ಹೆಸರು ಮಾತ್ರ ಒಂದು ವಿಸ್ಕಿಯ ಹೆಸರಿನಿಂದ ಬಂದದ್ದು. ಮುಂದೆ ಕಪ್ಪು ಬಣ್ಣ ಬಂತು. 2024ರ ಮಾರ್ಚಿಯಲ್ಲಿ ತಂಡದ ಹೆಸರಿನಲ್ಲಿ ‘ಬ್ಯಾಂಗಲೋರ್’ ಹೋಗಿ ‘ಬೆಂಗಳೂರು’ ಬಂದಾಗ ಅಂಗಿಗೆ ಕೆಂಪಿನ ಜೊತೆಗೆ ಗಾಢ ನೀಲಿ ಸೇರಿತು. ಬಣ್ಣವೋ ಗೆರೆಯೋ ಬದಲಾದಾಗಲೆಲ್ಲ ಹಳೆಯ ಅಂಗಿ ಹರಿಯುವ ಮೊದಲೇ ಹಳತಾಗುತ್ತದೆ, ಅಭಿಮಾನಿ ಹೊಸದನ್ನು ಕೊಳ್ಳುತ್ತಾನೆ. ಇದು ನಮ್ಮಲ್ಲಿ ಮಾತ್ರ ಇರುವುದಲ್ಲ. ಆಸ್ಟ್ರೇಲಿಯಾದ ರಗ್ಬಿ ಲೀಗ್ ತಂಡಗಳೂ ವಿಶೇಷ ಸುತ್ತುಗಳಿಗೆಂದು ಬೇರೆ ಜೆರ್ಸಿ ಹೊಲಿಸುತ್ತವೆ. ಅಲ್ಲಿನ ಮೂಲನಿವಾಸಿಗಳ ಗೌರವಾರ್ಥ ನಡೆಯುವ ಸುತ್ತಿಗೆ ಆ ಸಮುದಾಯದ ಕಲಾವಿದರೇ ವಿನ್ಯಾಸ ಬಿಡಿಸುತ್ತಾರೆ. ಗೌರವವೂ ನಿಜ, ಮಾರಾಟವೂ ನಿಜ.

ಈ ತಂಡದ ಇನ್ನೊಂದು ಅಂಗಿ ನಮ್ಮಂಥ ಪರಿಸರಾಸಕ್ತರಿಗೆ ಮುಖ್ಯವಾದದ್ದು. 2011ರಿಂದ ಬಹುತೇಕ ಪ್ರತಿ ವರ್ಷ ಒಂದು ಪಂದ್ಯವನ್ನು ಅದು ಹಸಿರು ಜೆರ್ಸಿಯಲ್ಲಿ ಆಡುತ್ತ ಬಂದಿದೆ. ಆ ದಿನ ನಾಯಕನು ಎದುರಾಳಿ ನಾಯಕನಿಗೆ ಒಂದು ಸಸಿ ಕೊಡುತ್ತಾನೆ. 2016ರ ಮೇ 14ರಂದು ಕೊಹ್ಲಿ ಮತ್ತು ಡಿ ವಿಲಿಯರ್ಸ್ ಇಬ್ಬರೂ ಶತಕ ಹೊಡೆದದ್ದು ಈ ಹಸಿರು ಅಂಗಿಯಲ್ಲಿಯೇ. ಬೆಂಗಳೂರಿನ ಉತ್ತರಕ್ಕಿರುವ ಇಟ್ಟಗಲ್ಲಪುರ ಮತ್ತು ಸಾದೇನಹಳ್ಳಿ ಕೆರೆಗಳ ಪುನಶ್ಚೇತನಕ್ಕೂ ತಂಡ ನೆರವಾಗಿದೆ. ಇದನ್ನು ಹೀಗಳೆಯಬೇಕಾಗಿಲ್ಲ. ಕೆರೆಯ ಹೂಳೆತ್ತಿದವರು ಯಾರೇ ಆದರೂ ನೀರಿಗೆ ಅದು ಒಳ್ಳೆಯದೇ. ಆದರೆ ವರ್ಷಕ್ಕೊಂದು ದಿನ ತೊಡುವ ಹಸಿರು, ಉಳಿದ ದಿನಗಳ ಲೆಕ್ಕವನ್ನು ಮರೆಸಬಾರದು.

ಆ ಲೆಕ್ಕ ಅಂಗಿಯ ಎಳೆಯಿಂದ ಆರಂಭವಾಗುತ್ತದೆ. ಇಂದಿನ ಜೆರ್ಸಿಗಳು ಹತ್ತಿಯವಲ್ಲ, ಪಾಲಿಯೆಸ್ಟರಿನವು. ಪಾಲಿಯೆಸ್ಟರ್ ಪೆಟ್ರೋಲಿಯಂನಿಂದ ಬರುತ್ತದೆ. ನೀರಿನ ಬಾಟಲಿಯೂ ಜೆರ್ಸಿಯೂ ಮೂಲದಲ್ಲಿ ಒಂದೇ ವಸ್ತು. ಕಾಗದದ ಮೇಲೆ ಮುದ್ರಿಸಿದ ಬಣ್ಣವನ್ನು ಕಾದ ಯಂತ್ರದಲ್ಲಿ ಒತ್ತಿದಾಗ ಅದು ಆವಿಯಾಗಿ ಪಾಲಿಯೆಸ್ಟರಿನ ಒಳಕ್ಕೆ ಇಳಿಯುತ್ತದೆ. ಹತ್ತಿಗೆ ಈ ವಿಧಾನ ಹಿಡಿಯುವುದಿಲ್ಲ. ಎಷ್ಟು ಬಣ್ಣ, ಎಷ್ಟು ಜಾಹೀರಾತು ಬೇಕಾದರೂ ಅಗ್ಗವಾಗಿ ಅಚ್ಚಾಗಲಿ ಎಂಬ ಅನುಕೂಲವೂ ಹತ್ತಿಯನ್ನು ಮೈದಾನದಿಂದ ಹೊರಗಟ್ಟಿತು.

ಮರುಬಳಕೆಯ ಪ್ರಯತ್ನಗಳು ನಡೆದಿವೆ. 2015ರ ವಿಶ್ವಕಪ್ಪಿಗೆ ಭಾರತ ತಂಡದ ಒಂದೊಂದು ಉಡುಪಿಗೆ ಸರಾಸರಿ 33 ಬಾಟಲಿ ಬಳಸಿರುವುದಾಗಿ ನೈಕಿ ಕಂಪನಿ ಹೇಳಿತ್ತು. 2025ರ ಹಸಿರು ಜೆರ್ಸಿಯನ್ನು ಹಳೆಯ ಬಟ್ಟೆಯ ತ್ಯಾಜ್ಯವೂ ಸೇರಿದ ಮರುಬಳಕೆ ಪಾಲಿಯೆಸ್ಟರಿನಿಂದ ಮಾಡಿದ್ದಾಗಿ ಪೂಮಾ ತಿಳಿಸಿತು. ಎರಡನೆಯದು ಹೆಚ್ಚು ಕಷ್ಟದ ಕೆಲಸ. ಜಗತ್ತಿನಲ್ಲಿ ಹಳೆಯ ಬಟ್ಟೆ ಮತ್ತೆ ಹೊಸ ಬಟ್ಟೆಯಾಗುವುದು ಶೇಕಡಾ ಒಂದಕ್ಕಿಂತಲೂ ಕಡಿಮೆ. ಆದರೂ ಮರುಬಳಕೆಯ ಪಾಲಿಯೆಸ್ಟರ್ ಪಾಲಿಯೆಸ್ಟರೇ. ಪ್ರತಿ ಒಗೆತದಲ್ಲೂ ಅದರಿಂದ ಕಣ್ಣಿಗೆ ಕಾಣದ ಎಳೆಗಳು ಉದುರಿ ನೀರು ಸೇರುತ್ತವೆ.

ಬೆಂಗಳೂರಿನಲ್ಲಿ ಒಗೆದ ಅಂಗಿಗೂ ಅಂಬಾಜಿದುರ್ಗಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಕೋರಮಂಗಲ–ಚಲ್ಲಘಟ್ಟ ಮತ್ತು ಹೆಬ್ಬಾಳ–ನಾಗವಾರ ಕಣಿವೆ ಯೋಜನೆಗಳಲ್ಲಿ ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ ಕೆರೆಗಳಿಗೆ ಬರುತ್ತಿರುವುದು ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು. ಅದು ಎರಡು ಹಂತದ ಸಂಸ್ಕರಣೆ ಕಂಡ ನೀರು. ಮೂರನೆಯ ಹಂತ ಬೇಕೆಂದು ಈ ಸೀಮೆಯ ಜನ ಕೇಳುತ್ತಲೇ ಬಂದಿದ್ದಾರೆ. ಇಂಥ ಘಟಕಗಳಲ್ಲಿ ಎಳೆಗಳ ಬಹುಪಾಲು ಕೆಸರಿನಲ್ಲಿ ನಿಲ್ಲುತ್ತದೆ, ಉಳಿದದ್ದು ನೀರಿನೊಡನೆ ಹರಿಯುತ್ತದೆ. ನಗರದ ಸಂಭ್ರಮದ ತೊಳೆನೀರು ನಮ್ಮ ಕೆರೆಯ ಕಡೆಗೇ ಬರುತ್ತದೆ ಎಂಬುದನ್ನು ಮರೆಯದಿರೋಣ.

ಇನ್ನು ಹಣ. ತಂಡಗಳು ಬದುಕುವುದು ಮುಖ್ಯವಾಗಿ ಅಂಗಿ ಮಾರಿ ಅಲ್ಲ. 2023ರಿಂದ 2027ರವರೆಗಿನ ಐಪಿಎಲ್ ಪ್ರಸಾರದ ಹಕ್ಕು 48,390 ಕೋಟಿ ರೂಪಾಯಿಗೆ ಹೋಯಿತು. ಅದರ ದೊಡ್ಡ ಪಾಲು ತಂಡಗಳಿಗೆ ಹಂಚಿಕೆಯಾಗುತ್ತದೆ. ಅದರ ಮುಂದೆ ಅಂಗಿ, ಟೋಪಿಗಳ ಮಾರಾಟದ ಆದಾಯ ಚಿಕ್ಕದು. ಅಂಗಿಯಿಂದ ಬರುವ ದೊಡ್ಡ ಹಣ ಬೇರೆಯೇ ಇದೆ: ಎದೆಯ ಮೇಲಿನ ಜಾಗದ ಬಾಡಿಗೆ. 2023ರಲ್ಲಿ ಕತಾರ್ ಏರ್‌ವೇಸ್ ಈ ತಂಡದ ಎದೆಯ ಜಾಗವನ್ನು ಮೂರು ವರ್ಷಕ್ಕೆ ಪಡೆದದ್ದು 75 ಕೋಟಿ ರೂಪಾಯಿಗೆ ಎಂದು ಪತ್ರಿಕೆಗಳು ವರದಿ ಮಾಡಿದ್ದವು. ಆಟಗಾರನಿಗೆ ಅದರಿಂದ ಹಣ ಬರುತ್ತದೆ. ಅದೇ ಹೆಸರನ್ನು ಹೊತ್ತು ಓಡಾಡುವ ಅಭಿಮಾನಿ ಮಾತ್ರ ತಾನೇ ಹಣ ಕೊಟ್ಟು ಪರರ ಜಾಹೀರಾತು ಹೊರುತ್ತಾನೆ.

ಆ ಅಭಿಮಾನವನ್ನು ನಾನು ಹಾಸ್ಯ ಮಾಡಲಾರೆ. 2025ರ ಜೂನ್ 3ರಂದು ತಂಡ ಮೊದಲ ಬಾರಿಗೆ ಕಪ್ ಗೆದ್ದಿತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ನೂಕುನುಗ್ಗಲಿನಲ್ಲಿ 11 ಮಂದಿ ಪ್ರಾಣ ಕಳೆದುಕೊಂಡರು. ಇಷ್ಟು ಆಳವಾದ ಪ್ರೀತಿಯಿಂದ ಲಾಭ ಪಡೆಯುವವರ ಹೊಣೆಯೂ ಅಷ್ಟೇ ಆಳವಾಗಿರಬೇಕು.

ಈಗ ನಮ್ಮ ಊರಿಗೇ ಬರೋಣ. ಒಣಗಿದ ಕೆರೆಯಂಗಳದಲ್ಲಿ ಬೇಸಿಗೆಯಲ್ಲಿ ನಮ್ಮ ಹುಡುಗರು ಪಂದ್ಯಾವಳಿ ನಡೆಸುತ್ತಾರೆ. ನನ್ನ ಅಕ್ಕನ ಮಗನ ತಂಡಕ್ಕೆ ಒಂದು ಸಲ ಕಲ್ಲುಪುಡಿ ಮಾಡುವ ಕ್ರಷರಿನವರೊಬ್ಬರು ಅಂಗಿ ಹೊಲಿಸಿಕೊಟ್ಟರು. ಬಣ್ಣ ಹಸಿರು. ಬೆನ್ನಿಗೆ ಹುಡುಗನ ಹೆಸರು, ಎದೆಗೆ ಕ್ರಷರಿನ ಹೆಸರು. ಕೆಲವು ತಿಂಗಳ ಬಳಿಕ ಗ್ರಾಮಸಭೆಯಲ್ಲಿ ಸಿಡಿತದ ಧೂಳಿನ ವಿಷಯ ಬಂತು. ಹಿಪ್ಪುನೇರಳೆ ಎಲೆಯ ಮೇಲೆ ಧೂಳು ಕೂತು ಹುಳುವಿಗೆ ಹಾಕಲಾಗುತ್ತಿಲ್ಲವೆಂದು ಹೆಂಗಸರು ಎದ್ದು ಹೇಳಿದರು. ಹಿಂದೆಲ್ಲ ಮೊದಲು ದನಿ ಎತ್ತುತ್ತಿದ್ದ ಹುಡುಗರು ಗೋಡೆಗೊರಗಿ ನಿಂತಿದ್ದರು. ಮನೆಗೆ ಬಂದ ಮೇಲೆ ಕೇಳಿದೆ. ‘ಹೇಗೆ ಮಾತಾಡೋದು ಮಾವ, ಅವರು ಕೊಟ್ಟ ಅಂಗಿ ಹಾಕ್ಕೊಂಡಿದ್ದೀವಲ್ಲ’ ಎಂದ.

ಹದಿನೈದು ಅಂಗಿಗಳು. ಒಂದಕ್ಕೆ 300 ರೂಪಾಯಿ ಎಂದಿಟ್ಟುಕೊಂಡರೂ 4,500 ರೂಪಾಯಿ. ಅಷ್ಟಕ್ಕೆ ಒಂದು ಊರಿನ ಹುಡುಗರ ಮಾತು ಬಾಡಿಗೆಗೆ ಹೋಯಿತು. ನಾನು ಅವನನ್ನು ಬೈಯಲಿಲ್ಲ. ಅಂಗಿ ಬೇಕೆಂದು ಅವರು ಕೇಳಿದಾಗ ಹಿರಿಯರಾದ ನಾವು ಯಾರೂ ಕೊಟ್ಟಿರಲಿಲ್ಲ. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಆದುದರಿಂದ ವಿದ್ಯಾರ್ಥಿ ಮಿತ್ರರಲ್ಲಿ ನನ್ನ ಕೋರಿಕೆ ಇಷ್ಟು. ನಿಮ್ಮ ತಂಡದ ಅಂಗಿಗೆ ನೀವೇ ಚಂದಾ ಎತ್ತಿ. ಮೊದಲ ಚಂದಾ ನನ್ನದಿರಲಿ. ಸಾಧ್ಯವಾದರೆ ಹತ್ತಿಯ ಬಟ್ಟೆ ತನ್ನಿ, ಒಂದೆರಡು ಬಣ್ಣದಲ್ಲಿ ಸ್ಕ್ರೀನ್ ಪ್ರಿಂಟ್ ಹಾಕಿಸಿ. ವಿನ್ಯಾಸವನ್ನು ನಿಮ್ಮ ಶಾಲೆಯ ಮಕ್ಕಳೇ ಬಿಡಿಸಲಿ. ಈ ದುರ್ಗದ ಬಂಡೆಯ ಗೆರೆಗಿಂತ ಚೆಂದದ ಗುರುತು ನಿಮಗೆ ಎಲ್ಲಿ ಸಿಕ್ಕೀತು? ಪ್ರತಿ ವರ್ಷ ಬದಲಾಯಿಸಬೇಡಿ. ದೊಡ್ಡವನಾದವನ ಅಂಗಿ ಚಿಕ್ಕವನಿಗೆ ಬರಲಿ. ಊರವರಿಗೂ ಒಂದಷ್ಟು ಮಾರಿ, ಉಳಿದ ಹಣವನ್ನು ಹೊಂಗೆ, ಹಿಪ್ಪೆ ಸಸಿಗಳಿಗೂ ಕೆರೆಯ ಕಾಲುವೆ ಶುಚಿಗೊಳಿಸುವುದಕ್ಕೂ ಬಳಸಿ, ಲೆಕ್ಕವನ್ನು ಗ್ರಾಮಸಭೆಯಲ್ಲಿ ಓದಿ. ಈಗಿರುವ ಪಾಲಿಯೆಸ್ಟರ್ ಅಂಗಿಗಳನ್ನು ಹರಿಯುವವರೆಗೆ ತೊಡಿ. ಸುಡಬೇಡಿ, ಅದರ ಹೊಗೆ ವಿಷ.

ಬೆಂಗಳೂರಿನ ತಂಡ ಗೆಲ್ಲಲಿ, ನಾನೂ ಸಂತೋಷಪಡುತ್ತೇನೆ. ಆದರೆ ಮುಂದಿನ ಗ್ರಾಮಸಭೆಗೆ ನಮ್ಮ ಹುಡುಗರು ಬರುವಾಗ ಅವರ ಎದೆಯ ಮೇಲೆ ಅವರ ಊರಿನ ಹೆಸರು ಮಾತ್ರ ಇರಲಿ. ಆಗ ಧೂಳಿನ ಪ್ರಶ್ನೆ ಎತ್ತಲು ಅವರು ಯಾರ ಅನುಮತಿಯನ್ನೂ ಕೇಳಬೇಕಾಗುವುದಿಲ್ಲ.