ಯಾವ ಕವಾಟ ಮೊದಲು ತೆರೆಯಬೇಕು?



ರಕ್ತದೊತ್ತಡ ನೋಡುವ ವೈದ್ಯನು ಯಂತ್ರಗಳ ಒತ್ತಡದ ಬಗ್ಗೆ ಮಾತನಾಡುವುದು ಅಧಿಕಪ್ರಸಂಗವೆಂದು ಸಭೆಯಲ್ಲಿರುವ ಇಂಜಿನಿಯರ್ ಮಿತ್ರರು ಭಾವಿಸಬಾರದು. 1679ರ ಸುಮಾರಿಗೆ ಹಬೆಯ ಪಾತ್ರೆಯನ್ನು ರೂಪಿಸಿ, ಅದಕ್ಕೆ ಸುರಕ್ಷಾ ಕವಾಟವನ್ನೂ ಜೋಡಿಸಿದ ಡೆನಿ ಪಾಪಿನ್ ಓದಿದ್ದು ವೈದ್ಯಶಾಸ್ತ್ರವನ್ನೇ. ನಮ್ಮ ಅಡಿಗೆಮನೆಯ ಕುಕ್ಕರು ಆ ಪಾತ್ರೆಯ ವಂಶದ್ದು.

ಕುಕ್ಕರಿನಲ್ಲಿ ಒತ್ತಡ ಏರಿದಾಗ ಮೊದಲು ಏಳುವುದು ಮೇಲಿನ ವೆಯ್ಟು. ಅದರ ದಾರಿ ಕಟ್ಟಿಕೊಂಡರೆ ಮಾತ್ರ ಸೇಫ್ಟಿ ವಾಲ್ವ್ ಕರಗಿ ಹಬೆಯನ್ನು ಬಿಡಬೇಕು. ಈ ಕ್ರಮ ತಲೆಕೆಳಗಾದರೆ ಗೃಹಿಣಿ ದಿನವೂ ಹೊಸ ವಾಲ್ವ್ ಕೊಳ್ಳಬೇಕಾದೀತು! ಕಾರ್ಖಾನೆಗಳಲ್ಲಿಯೂ ಹಾಗೆಯೇ. ಪಾತ್ರೆಗೆ ಒಂದೇ ಕವಾಟವಿದ್ದರೆ, ಅದು ತೆರೆಯುವ ಒತ್ತಡವು ಪಾತ್ರೆಗೆ ವಿಧಿಸಿದ ಗರಿಷ್ಠ ಮಿತಿಯನ್ನು ಮೀರಕೂಡದು. ಸ್ಪ್ರಿಂಗ್ ಕವಾಟವಾದರೆ ದಿನನಿತ್ಯದ ಒತ್ತಡವನ್ನು ಅದಕ್ಕಿಂತ ಸುಮಾರು ಶೇಕಡಾ 10ರಷ್ಟು ಕೆಳಗಿಡುವುದು ವಾಡಿಕೆ. ಅಂತರ ಕಿರಿದಾದಂತೆ ಕವಾಟ ಸೋರತೊಡಗುತ್ತದೆ, ಅದರ ಪೀಠ ಸವೆಯುತ್ತದೆ. ಬೇಗ ತೆರೆದಷ್ಟೂ ಕ್ಷೇಮವೆಂಬುದು ಅರ್ಧಸತ್ಯ. ತೆರೆದದ್ದು ಮುಚ್ಚಲೂ ಬೇಕಲ್ಲ! ಮುಚ್ಚದ ಕವಾಟದ ಅನಾಹುತ ಹೃದ್ರೋಗ ಬಲ್ಲವರಿಗೆ ಹೊಸದಲ್ಲ.

ಇದೇ ದೇಶದ ಪೆನ್ಸಿಲ್ವೇನಿಯಾದಲ್ಲಿ, ಥ್ರೀ ಮೈಲ್ ಐಲೆಂಡ್ ಅಣುವಿದ್ಯುತ್ ಸ್ಥಾವರದ ಎರಡನೆಯ ಘಟಕದಲ್ಲಿ ಆದದ್ದು ಇದು. ಅಲ್ಲಿನ ಸಾಮಾನ್ಯ ಒತ್ತಡ ಚದರ ಅಂಗುಲಕ್ಕೆ 2155 ಪೌಂಡ್. 2255ಕ್ಕೆ ಒಂದು ಕವಾಟ ತೆರೆಯುತ್ತಿತ್ತು. 2355ಕ್ಕೆ ರಿಯಾಕ್ಟರ್ ತಾನಾಗಿ ನಿಲ್ಲುತ್ತಿತ್ತು. ಎಂದರೆ ಒಲೆ ಆರಿಸುವ ಮೊದಲೇ ಹಬೆ ಬಿಡುವ ಏರ್ಪಾಡು. ಸಣ್ಣಪುಟ್ಟ ಏರುಪೇರಿಗೆಲ್ಲ ಉತ್ಪಾದನೆ ನಿಲ್ಲದಿರಲಿ ಎಂಬ ಲೆಕ್ಕಾಚಾರ.

1979ರ ಮಾರ್ಚ್ 28ರ ಬೆಳಗಿನ ಜಾವ ನಾಲ್ಕು ಗಂಟೆಗೆ ನೀರಿನ ಪಂಪುಗಳು ನಿಂತವು. ಮೂರು ಸೆಕೆಂಡಿನಲ್ಲಿ ಕವಾಟ ತೆರೆಯಿತು, ಎಂಟನೆಯ ಸೆಕೆಂಡಿಗೆ ರಿಯಾಕ್ಟರ್ ನಿಂತಿತು. ಒತ್ತಡ ಇಳಿಯಿತು, ಕವಾಟ ಮಾತ್ರ ಮುಚ್ಚಲಿಲ್ಲ. ಫಲಕದ ದೀಪವು ಮುಚ್ಚುವ ಆಜ್ಞೆ ಹೋದುದನ್ನಷ್ಟೇ ತೋರಿಸುತ್ತಿತ್ತು, ಕವಾಟದ ನಿಜಸ್ಥಿತಿಯನ್ನಲ್ಲ. ವರದಿಯನ್ನು ನಂಬಿ ರೋಗಿಯನ್ನು ನೋಡದ ವೈದ್ಯನ ಹಾಗೆ! ನೀರು ಹೆಚ್ಚಾಗಿದೆಯೆಂದು ಬಗೆದ ಸಿಬ್ಬಂದಿ ತುರ್ತು ನೀರನ್ನೂ ತಗ್ಗಿಸಿದರು. ಎರಡು ಗಂಟೆ ಇಪ್ಪತ್ತು ನಿಮಿಷಕ್ಕೂ ಮಿಕ್ಕಿ ಸೋರಿಕೆ ನಡೆದು, ಇಂಧನದ ಸುಮಾರು ಅರ್ಧಭಾಗ ಕರಗಿತು.

ಇದಕ್ಕೂ ಮುನ್ನ, 1977ರ ಸೆಪ್ಟೆಂಬರಿನಲ್ಲಿ, ಓಹಾಯೋದ ಡೇವಿಸ್-ಬೆಸ್ಸಿ ಸ್ಥಾವರದಲ್ಲಿ ಅಂಥದೇ ಕವಾಟ ಹೀಗೆಯೇ ತೆರೆದುಕೊಂಡು ನಿಂತಿತ್ತು. ಅಲ್ಲಿಯವರು ಸುಮಾರು ಇಪ್ಪತ್ತು ನಿಮಿಷದಲ್ಲಿ ಪತ್ತೆಹಚ್ಚಿದರು. ಆ ಅನುಭವ ಪೆನ್ಸಿಲ್ವೇನಿಯಾದ ಸಿಬ್ಬಂದಿಗೆ ತಲಪಲಿಲ್ಲವೆಂಬುದೇ ನನಗೆ ಎಲ್ಲಕ್ಕಿಂತ ಹೆಚ್ಚಿನ ವ್ಯಥೆ.

ಅಪಘಾತದ ಬಳಿಕ ಅದೇ ವರ್ಷ ಅಂಥ ಸ್ಥಾವರಗಳಲ್ಲಿ ಅಂಕಿಗಳನ್ನು ತಿರುಗಿಸಿದರು. ರಿಯಾಕ್ಟರ್ ನಿಲ್ಲುವ ಒತ್ತಡವನ್ನು 2300ಕ್ಕೆ ಇಳಿಸಿ, ಕವಾಟ ತೆರೆಯುವುದನ್ನು 2450ಕ್ಕೆ ಏರಿಸಿದರು. ಮೊದಲು ಒಲೆ ಆರಬೇಕು, ಆಮೇಲೆ ಹಬೆ.