ಉತ್ತರ ಕೊಡುವ ಯಂತ್ರವೂ ತಿಂಗಳ ಚಂದಾವೂ

(ರಾಯಚೂರು ನಗರ, ದೇವದುರ್ಗ ಮತ್ತು ಮಾನ್ವಿಯ ಪಾಲಕರು ರಾಯಚೂರಿನಲ್ಲಿ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ಇಂದು ನಮ್ಮ ಮುಂದಿಟ್ಟಿರುವ ಪ್ರಶ್ನೆ ನೇರವಾದುದು. ಚಾಟ್‌ಜಿಪಿಟಿ, ಜೆಮಿನಿ ಮೊದಲಾದ, ಕೇಳಿದ್ದಕ್ಕೆಲ್ಲ ಉತ್ತರಿಸುವ ತಂತ್ರಾಂಶಗಳು ನಮ್ಮ ಮನೆಗಳನ್ನು ಪ್ರವೇಶಿಸಿವೆ. ಮಕ್ಕಳು ಮೊದಲು ಅವುಗಳನ್ನು ಉಚಿತವಾಗಿ ಬಳಸುತ್ತಾರೆ. ಕೆಲವು ವಾರ ಕಳೆದ ಮೇಲೆ, ಹಣ ಕಟ್ಟಿದರೆ ಇನ್ನೂ ಉತ್ತಮವಾದುದು ಸಿಗುತ್ತದೆ ಎಂದು ತಂದೆಯ ಬಳಿ ಬರುತ್ತಾರೆ. ಕಟ್ಟಬೇಕೇ, ಬೇಡವೇ? ತಂದೆಗೆ ಗೊತ್ತಿಲ್ಲ. ಬೇಡವೆಂದರೆ ಮಗಳು ಹಿಂದೆ ಬೀಳುವಳೇನೋ ಎಂಬ ಅಳುಕು. ಕಟ್ಟೋಣವೆಂದರೆ ತಿಂಗಳ ಲೆಕ್ಕ ಒಪ್ಪುವುದಿಲ್ಲ. ಕೊಳ್ಳುವ ವಸ್ತು ಏನೆಂದು ತಿಳಿಯದೆ ಬೆಲೆಯ ಮಾತನಾಡುವುದು ನಮ್ಮ ಫಿಕ್‌ಹಿನ ಪ್ರಕಾರವೂ ಸರಿಯಲ್ಲ. ಆದ್ದರಿಂದ ಮೊದಲು ವಸ್ತುವನ್ನು ನೋಡೋಣ.

2022ರ ನವೆಂಬರ್ 30ರಂದು ಅಮೆರಿಕದ ಓಪನ್‌ಎಐ ಸಂಸ್ಥೆಯು ಚಾಟ್‌ಜಿಪಿಟಿಯನ್ನು ಸಾರ್ವಜನಿಕರಿಗೆ ಬಿಡುಗಡೆ ಮಾಡಿತು. ಅದರ ಹಿಂದಿರುವ ವಿಧಾನವನ್ನು ಗೂಗಲ್‌ನ ಸಂಶೋಧಕರು 2017ರಲ್ಲಿಯೇ ಪ್ರಕಟಿಸಿದ್ದರು. ತಿರುಳನ್ನು ಹೇಳುವುದಾದರೆ ಅದು ಇಷ್ಟೇ: ಯಂತ್ರಕ್ಕೆ ಅಪಾರ ಪ್ರಮಾಣದ ಬರಹವನ್ನು ಓದಿಸಲಾಗುತ್ತದೆ. ಓದುವಾಗ ಅದು ಪ್ರತಿ ಹೆಜ್ಜೆಯಲ್ಲಿಯೂ ಮುಂದಿನ ಪದದ ತುಣುಕು ಯಾವುದಿರಬಹುದೆಂದು ಊಹಿಸುತ್ತದೆ, ತಪ್ಪಿದಾಗ ತನ್ನೊಳಗಿನ ಅಂಕಿಗಳನ್ನು ತಿದ್ದಿಕೊಳ್ಳುತ್ತದೆ. ಹೀಗೆ ತಿದ್ದಿ ತಿದ್ದಿ ಉಳಿದ ಕೋಟ್ಯಂತರ ಅಂಕಿಗಳೇ ಅದರ ‘ಜ್ಞಾನ’. ನಾವು ಪ್ರಶ್ನೆ ಕೇಳಿದಾಗ ಅದು ಪುಸ್ತಕ ತೆರೆದು ಹುಡುಕುವುದಿಲ್ಲ. ಈ ಮಾತಿನ ನಂತರ ಯಾವ ಮಾತು ಬರುವ ಸಂಭವ ಹೆಚ್ಚು ಎಂಬುದನ್ನು ಎಣಿಸಿ ತುಣುಕು ತುಣುಕಾಗಿ ವಾಕ್ಯ ಕಟ್ಟುತ್ತದೆ.

ಮದ್ರಸದ ಹಿಫ್ಜ್ ತರಗತಿಯನ್ನು ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಕುರ್‌ಆನಿನಲ್ಲಿ ಒಂದನ್ನೊಂದು ಹೋಲುವ ಆಯತ್‌ಗಳಿವೆ, ಅವುಗಳನ್ನು ಮುತಶಾಬಿಹಾತ್ ಎನ್ನುತ್ತೇವೆ. ಎಳೆಯ ಹಾಫಿಜ್ ಒಂದು ಸೂರಃವನ್ನು ಓದುತ್ತಾ ಅಂತಹ ಸ್ಥಳಕ್ಕೆ ಬಂದಾಗ ನಾಲಗೆ ತನಗೆ ತಿಳಿಯದೆಯೇ ಇನ್ನೊಂದು ಸೂರಃದೊಳಕ್ಕೆ ಜಾರಿಬಿಡುತ್ತದೆ. ಧ್ವನಿಯಲ್ಲಿ ಅಳುಕಿಲ್ಲ, ಲಯ ಕೆಟ್ಟಿಲ್ಲ, ಕೇಳುವ ಸಾಮಾನ್ಯನಿಗೆ ತಪ್ಪಿನ ಸುಳಿವೂ ಇಲ್ಲ. ತರಾವೀಹ್‌ನಲ್ಲಿ ಹಿಂದೆ ನಿಂತ ಸಾಮಿಅ್ ಲುಖ್ಮಾ ಕೊಟ್ಟು ಸರಿದಾರಿಗೆ ತರುತ್ತಾನೆ. ಯಂತ್ರದ ತಪ್ಪೂ ಹೆಚ್ಚುಕಡಿಮೆ ಇದೇ ಬಗೆಯದು. ಆದರೆ ಹಾಫಿಜನಿಗೆ ಮರಳಲು ಒಂದು ನಿಶ್ಚಿತ ಪಾಠವಿದೆ, ಹಿಂದೆ ನಿಂತವನೂ ಇದ್ದಾನೆ. ಯಂತ್ರದ ಹಿಂದೆ ನಿಲ್ಲಬೇಕಾದವರು ನಾವೇ, ಮತ್ತು ಗೊತ್ತಿಲ್ಲದ ವಿಷಯವನ್ನೇ ನಾವು ಅದರಿಂದ ಕೇಳುತ್ತಿದ್ದೇವೆ!

ಓದಿಸಿದ ಮೇಲೆ ಅದಕ್ಕೆ ಶಿಷ್ಟಾಚಾರ ಕಲಿಸುವ ಇನ್ನೊಂದು ಹಂತವಿದೆ. ಯಾವ ಉತ್ತರ ಒಳ್ಳೆಯದು, ಯಾವುದು ಹೊಲಸು ಎಂದು ಮನುಷ್ಯರೇ ಕುಳಿತು ಗುರುತು ಹಾಕಬೇಕು. ಈ ಕೆಲಸದ ಒಂದು ಭಾಗವನ್ನು ಕೀನ್ಯಾದ ಕೆಲಸಗಾರರು ಗಂಟೆಗೆ 2 ಡಾಲರ್‌ಗಿಂತ ಕಡಿಮೆ ಕೂಲಿಗೆ ಮಾಡಿದರೆಂದು 2023ರ ಜನವರಿಯಲ್ಲಿ ‘ಟೈಮ್’ ಪತ್ರಿಕೆ ವರದಿ ಮಾಡಿತು. ದಿನವಿಡೀ ಕ್ರೌರ್ಯದ ವರ್ಣನೆಗಳನ್ನು ಓದಿ ವಿಂಗಡಿಸುವುದು ಅವರ ಪಾಲಿಗೆ ಬಂದಿತ್ತು. ಈ ಯಂತ್ರಗಳು ವಿದ್ಯುತ್ತನ್ನೂ ನೀರನ್ನೂ ಕುಡಿಯುತ್ತವೆ. 1720 ಮೆಗಾವ್ಯಾಟ್‌ನ ಶಕ್ತಿನಗರದ ಸ್ಥಾವರದ ಬೂದಿಯನ್ನು ಉಸಿರಾಡಿ ಬದುಕಿದ ಜಿಲ್ಲೆಯವರಿಗೆ, ‘ಉಚಿತ’ ಎಂಬ ಪದದ ಹಿಂದೆ ಯಾರದೋ ಬೆವರೂ ಯಾರದೋ ಗಾಳಿಯೂ ಇರುತ್ತದೆಂಬುದನ್ನು ವಿವರಿಸಬೇಕಾಗಿಲ್ಲ.

ಈಗ ನಮಗೆ ಅತ್ಯಂತ ಮುಖ್ಯವಾದ ಅಂಶಕ್ಕೆ ಬರೋಣ. ಯಾವ ವಿಷಯದ ಬಗ್ಗೆ ಲೋಕದಲ್ಲಿ ಬರಹ ಹೆಚ್ಚಿದೆಯೋ ಅಲ್ಲಿ ಯಂತ್ರ ಗಟ್ಟಿ. ಎಲ್ಲಿ ಬರಹ ತೆಳುವೋ ಅಲ್ಲಿ ಅದು ಊಹೆಯಿಂದ ತುಂಬುತ್ತದೆ. ನ್ಯೂಟನ್‌ನ ನಿಯಮ, ಇಂಗ್ಲಿಷ್ ವ್ಯಾಕರಣ, ಬೀಜಗಣಿತದ ಲೆಕ್ಕ, ಕಂಪ್ಯೂಟರ್ ಪ್ರೋಗ್ರಾಂ ಇವುಗಳಲ್ಲಿ ಅದು ಉತ್ತಮ ಸಹಾಯಕ. ರಾಯಚೂರು ಕೋಟೆ, 1520ರ ರಾಯಚೂರು ಯುದ್ಧ ಎಂದರೆ ಒಂದಿಷ್ಟು ಹೇಳೀತು. 1513ರಲ್ಲಿ ಕಟ್ಟಿದ ನಮ್ಮ ಏಕ್ ಮಿನಾರ್ ಮಸ್ಜಿದಿನ ಬಗ್ಗೆ ಕೇಳಿದರೆ ಸರಿಯಾದುದರ ಜೊತೆಗೆ ಬೇರೆ ಊರಿನ ಮಿನಾರುಗಳ ವಿವರ ಬೆರೆಯುವ ಅಪಾಯ ಆರಂಭವಾಗುತ್ತದೆ. ಇನ್ನು ದೇವದುರ್ಗದ ಒಂದು ಮೊಹಲ್ಲಾ, ಮಾನ್ವಿಯ ಒಂದು ಹಳೆಯ ದರ್ಗಾ ಎಂದರೆ? ಅಲ್ಲಿ ಅದಕ್ಕೆ ಓದಲು ಸಿಕ್ಕಿದ್ದೇ ಅತ್ಯಲ್ಪ. ಆದರೂ ಅನೇಕ ವೇಳೆ ಅದು ‘ತಿಳಿಯದು’ ಎನ್ನುವುದಿಲ್ಲ, ಅದೇ ಸೊಗಸಿನಲ್ಲಿ ಉತ್ತರಿಸುತ್ತದೆ.

ಭಾಷೆಯ ವಿಷಯವೂ ಹಾಗೆಯೇ. ಕಂಪ್ಯೂಟರಿನ ಸಾಮಾನ್ಯ ಸಂಕೇತ ಪದ್ಧತಿಯಲ್ಲಿ ಒಂದು ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಸಾಕು, ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್ ಬೇಕು. ಇದರಿಂದ ನಮ್ಮ ಲಿಪಿಗಳ ಒಂದೇ ಮಾತು ಇಂಗ್ಲಿಷಿಗಿಂತ ಹೆಚ್ಚು ತುಣುಕುಗಳಾಗಿ ಒಡೆಯುತ್ತಿತ್ತು. 2024ರ ಮೇ ತಿಂಗಳಲ್ಲಿ ಓಪನ್‌ಎಐ ಹೀಗೆ ಒಡೆಯುವ ಪದ್ಧತಿಯನ್ನು ಸುಧಾರಿಸಿ, ತೆಲುಗಿನ ಮಾದರಿ ವಾಕ್ಯವೊಂದರ ತುಣುಕುಗಳು 3.5 ಪಟ್ಟು ಕಡಿಮೆಯಾದವೆಂದು ಪ್ರಕಟಿಸಿತು. ಅಂದರೆ ಅಲ್ಲಿಯವರೆಗೆ ನಮ್ಮ ನೆರೆಯ ತೆಲುಗರು ಅದೇ ಮಾತಿಗೆ ಅಷ್ಟು ಪಟ್ಟು ಹೆಚ್ಚಿನ ಹೊರೆ ಹೊರುತ್ತಿದ್ದರು. ಕನ್ನಡ ಈಗ ಮೊದಲಿಗಿಂತ ಎಷ್ಟೋ ಮೇಲು. ಆದರೆ ನಮ್ಮ ಮನೆಗಳ ದಖನಿ? ಅದು ಆಡುವ ಭಾಷೆ, ಬರೆದಿಟ್ಟದ್ದು ಕಡಿಮೆ. ದಖನಿಯಲ್ಲಿ ಕೇಳಿದರೆ ಯಂತ್ರ ಲಖನೌ, ಲಾಹೋರಿನ ಉರ್ದುವಿನಲ್ಲಿ ಉತ್ತರಿಸುತ್ತದೆ. ನಮ್ಮ ಅಜ್ಜಿಯರಿಗೆ ಅದು ಅರ್ಧ ಪರಭಾಷೆಯೇ ಸರಿ.

ತೆಳುತನಕ್ಕಿಂತಲೂ ಅಪಾಯಕಾರಿಯಾದುದು ಹಳತನ. ಒಂದು ಉದಾಹರಣೆ ಕೊಡುತ್ತೇವೆ. ಅಲ್ಪಸಂಖ್ಯಾತ ಮಕ್ಕಳಿಗೆ ಕೇಂದ್ರ ಸರಕಾರ ಕೊಡುತ್ತಿದ್ದ ಮೆಟ್ರಿಕ್‌ಪೂರ್ವ ವಿದ್ಯಾರ್ಥಿವೇತನವನ್ನು 2022ರಲ್ಲಿ 1ರಿಂದ 8ನೇ ತರಗತಿಯವರಿಗೆ ನಿಲ್ಲಿಸಿ 9 ಮತ್ತು 10ಕ್ಕೆ ಸೀಮಿತಗೊಳಿಸಲಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ ಕೂಡಾ ನಿಂತಿತು. ಬಡ ಮಕ್ಕಳ ಕೈಯಿಂದ ಇದ್ದ ಆಸರೆಯನ್ನು ಕಿತ್ತುಕೊಂಡ ಈ ಕ್ರಮಗಳನ್ನು ಪತ್ರಿಕೆಗಳು ಟೀಕಿಸಿದವು, ಸಂಸತ್ತಿನಲ್ಲಿಯೂ ಪ್ರಶ್ನೆ ಎದ್ದಿತು. ಆದರೆ ವಿದ್ಯಾರ್ಥಿವೇತನ ಲಭ್ಯವಿದ್ದ ವರ್ಷಗಳ ಬರಹದ ರಾಶಿ ದೊಡ್ಡದು, ನಿಂತುಹೋದದ್ದರ ಬರಹ ಚಿಕ್ಕದು. ಆ ರಾಶಿಯಿಂದ ಕಲಿತ ಯಂತ್ರವು, ನಿಮ್ಮ 5ನೇ ತರಗತಿಯ ಮಗನಿಗೂ ಅರ್ಜಿ ಹಾಕಿ ಎಂದರೆ ಆಶ್ಚರ್ಯವಿಲ್ಲ. 371(ಜೆ) ಪ್ರಮಾಣಪತ್ರದ ವಿಷಯವೂ ಅಷ್ಟೇ. ಸೀಟು, ನೌಕರಿ ಎಲ್ಲವೂ ಆ ಒಂದು ಕಾಗದದ ಮೇಲೆ ನಿಂತಿರುವಾಗ, ಯಂತ್ರದ ಮಾತಿನಂತೆ ನಡೆದು ಕೊನೆಯ ದಿನಾಂಕ ಕಳೆದುಕೊಂಡರೆ ಪರಿಹಾರ ಕೊಡುವವರು ಯಾರು? ಸಹಾಯಕ ಆಯುಕ್ತರ ಕಚೇರಿಯಲ್ಲಿ ಸಾಲು ನಿಲ್ಲುವುದು ಬೇಸರದ ಕೆಲಸ, ನಿಜ. ಆದರೂ ಅಲ್ಲಿಯೇ ಕೇಳಬೇಕು. ಹತ್ತಿಯ ಹುಳಕ್ಕೆ ಎಷ್ಟು ಔಷಧಿ ಎಂಬುದನ್ನು ನಮ್ಮ ಕೃಷಿ ವಿಶ್ವವಿದ್ಯಾಲಯದಲ್ಲಿ ಕೇಳಬೇಕು.

ಇಲ್ಲಿ ನಮ್ಮ ಪರಂಪರೆಯ ಒಂದು ಆಸ್ತಿ ನೆನಪಾಗುತ್ತದೆ. ಹದೀಸ್ ಶಾಸ್ತ್ರದಲ್ಲಿ ಮತ್ನ್ ಎಷ್ಟೇ ಸುಂದರವಾಗಿರಲಿ, ಇಸ್ನಾದ್ ಇಲ್ಲದಿದ್ದರೆ ಅದನ್ನು ಸ್ವೀಕರಿಸುವುದಿಲ್ಲ. ಯಾರಿಂದ ಕೇಳಿದಿರಿ, ಅವರು ಯಾರಿಂದ ಕೇಳಿದರು, ಆ ರಾವಿಯ ನೆನಪಿನ ಶಕ್ತಿ ಹೇಗಿತ್ತು, ಅವನು ಸತ್ಯವಂತನೇ? ಇಮಾಮ್ ಮುಸ್ಲಿಮ್ ತಮ್ಮ ಸಹೀಹ್‌ನ ಪೀಠಿಕೆಯಲ್ಲಿ ಇದನ್ನೇ ವಿಸ್ತಾರವಾಗಿ ಚರ್ಚಿಸಿದ್ದಾರೆ. ಬಂದ ಸುದ್ದಿಯನ್ನು ಪರಿಶೀಲಿಸಬೇಕೆಂಬ ಆದೇಶ ಸೂರಃ ಅಲ್ ಹುಜುರಾತ್‌ನ 6ನೇ ಸೂಕ್ತದಲ್ಲಿದೆ. ಈ ಯಂತ್ರವು ಮತ್ನ್ ಮಾತ್ರ ಇರುವ, ಇಸ್ನಾದ್ ಇಲ್ಲದ ರಾವಿ. ಲಕ್ಷಾಂತರ ಬರಹಗಳು ಅದರೊಳಗೆ ಕರಗಿ ಅಂಕಿಗಳಾಗಿರುವುದರಿಂದ, ಯಾವ ಮಾತು ಎಲ್ಲಿಂದ ಬಂತೆಂದು ತನ್ನೊಳಗಿನಿಂದ ಹೇಳಲು ಅದಕ್ಕೆ ಸಾಧ್ಯವಿಲ್ಲ. ಹದೀಸ್ ಕೇಳಿದರೆ ಗ್ರಂಥದ ಹೆಸರು, ಸಂಖ್ಯೆ ಎಲ್ಲವನ್ನೂ ಕೊಡಬಲ್ಲದು. ಗ್ರಂಥ ತೆರೆದರೆ ಆ ಸಂಖ್ಯೆಯಲ್ಲಿ ಬೇರೇನೋ ಇರಬಹುದು. ಈಚೆಗೆ ಇವು ಅಂತರ್ಜಾಲದಲ್ಲಿ ಹುಡುಕಿ ಕೊಂಡಿಗಳನ್ನೂ ಒದಗಿಸುತ್ತವೆ, ಅದು ಒಳ್ಳೆಯ ಬೆಳವಣಿಗೆ. ಆದರೆ ಕೊಂಡಿಯನ್ನು ತೆರೆದು ಓದಿದವನಿಗೆ ಮಾತ್ರ ಅದು ಇಸ್ನಾದ್. ತಲಾಖ್, ವಿರಾಸತ್, ಝಕಾತ್‌ನಂತಹ ಮಸಅಲೆಗಳನ್ನು ರಾತ್ರಿ ಹನ್ನೊಂದಕ್ಕೆ ಮೊಬೈಲಿನಲ್ಲಿ ಕೇಳಿ ಬೆಳಿಗ್ಗೆ ಜಾರಿಗೆ ತರುವ ಪದ್ಧತಿ ನಮ್ಮಲ್ಲಿ ಬೆಳೆಯಬಾರದು. ಮುಫ್ತಿಗಳು ಉತ್ತರಿಸುವ ಮೊದಲು ಕೇಳುವವನನ್ನೇ ನಾಲ್ಕು ಪ್ರಶ್ನೆ ಕೇಳುತ್ತಾರೆ. ಯಂತ್ರ ಸಾಮಾನ್ಯವಾಗಿ ನೇರ ಉತ್ತರಕ್ಕೇ ಹೊರಡುತ್ತದೆ.

ಇದು ಓದಿಲ್ಲದವರ ಸಮಸ್ಯೆಯೆಂದು ಭಾವಿಸಬೇಡಿ. 2023ರಲ್ಲಿ ನ್ಯೂಯಾರ್ಕ್‌ನ ಇಬ್ಬರು ವಕೀಲರು ಚಾಟ್‌ಜಿಪಿಟಿ ಸೃಷ್ಟಿಸಿದ, ಎಂದೂ ನಡೆಯದ ಮೊಕದ್ದಮೆಗಳ ತೀರ್ಪುಗಳನ್ನು ನ್ಯಾಯಾಲಯಕ್ಕೆ ಸಲ್ಲಿಸಿ 5,000 ಡಾಲರ್ ದಂಡಕ್ಕೆ ಗುರಿಯಾದರು. ಈ ಮೊಕದ್ದಮೆಗಳು ನಿಜವೇ ಎಂದು ಅದನ್ನೇ ಕೇಳಿದಾಗ, ನಿಜವೆಂದು ಅದು ಉತ್ತರಿಸಿತ್ತು! 2025ರ ಮಾರ್ಚ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟು, ಅಸ್ತಿತ್ವದಲ್ಲಿಯೇ ಇಲ್ಲದ ಸುಪ್ರೀಂ ಕೋರ್ಟ್ ತೀರ್ಪುಗಳನ್ನು ಉಲ್ಲೇಖಿಸಿದ ಬೆಂಗಳೂರಿನ ಸಿವಿಲ್ ನ್ಯಾಯಾಧೀಶರೊಬ್ಬರ ವಿಷಯದಲ್ಲಿ ಮುಂದಿನ ಕ್ರಮಕ್ಕೆ ಸೂಚಿಸಿತು. ಅವು ಎಲ್ಲಿಂದ ಬಂದವೆಂಬುದು ಹಾಗಿರಲಿ, ಪರಿಶೀಲಿಸದ ಉಲ್ಲೇಖ ಎಷ್ಟು ಎತ್ತರದವರೆಗೆ ಏರಬಲ್ಲದೆಂಬುದಕ್ಕೆ ಇದು ಸಾಕ್ಷಿ.

ಇನ್ನೊಂದು ಮಾತನ್ನು ಈ ಸಭೆಯಲ್ಲಿ ಹೇಳದೆ ಇರುವಂತಿಲ್ಲ. ಯಂತ್ರ ಕಲಿತದ್ದು ಮನುಷ್ಯರ ಬರಹದಿಂದ, ಆ ಬರಹದಲ್ಲಿ ನಮ್ಮ ಕುರಿತ ದ್ವೇಷವೂ ಧಾರಾಳವಾಗಿದೆ. 2021ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಅಂದಿನ ಜಿಪಿಟಿ-3ಕ್ಕೆ ಇಬ್ಬರು ಮುಸ್ಲಿಮರು ಒಂದೆಡೆ ಪ್ರವೇಶಿಸಿದರು ಎಂಬ ಅಪೂರ್ಣ ವಾಕ್ಯ ಕೊಟ್ಟು ಪೂರ್ಣಗೊಳಿಸಲು ಹೇಳಿದಾಗ, 100ರಲ್ಲಿ 66 ಸಲ ಅದು ಹಿಂಸೆಯ ಕಥೆಯನ್ನೇ ಹೆಣೆಯಿತು. ನಂತರದ ಆವೃತ್ತಿಗಳನ್ನು ತಿದ್ದಲಾಗಿದೆ, ನೇರ ದ್ವೇಷದ ಮಾತನ್ನು ಅವು ಆಡದಂತೆ ತರಬೇತಿಯಿದೆ. ಆದರೆ ಇತಿಹಾಸದ ಪ್ರಬಂಧವನ್ನು ಅದರಿಂದ ಬರೆಸಿಕೊಂಡು ಬರುವ ಮಗಳಿಗೆ, ಇದು ಯಾರು ಬರೆದ ಇತಿಹಾಸದಿಂದ ಬಂದುದೆಂದು ಕೇಳುವ ಅಭ್ಯಾಸ ಮಾಡಿಸಿ.

ಈಗ ಬೆಲೆ. ಚಾಟ್‌ಜಿಪಿಟಿ ಪ್ಲಸ್‌ಗೆ ನಮ್ಮ ದೇಶದಲ್ಲಿ ತಿಂಗಳಿಗೆ 1,999 ರೂಪಾಯಿ ನಿಗದಿಯಾಗಿತ್ತು, ವರ್ಷಕ್ಕೆ 23,988. 2025ರ ಆಗಸ್ಟ್‌ನಲ್ಲಿ 399 ರೂಪಾಯಿಯ ‘ಗೋ’ ಎಂಬ ಅಗ್ಗದ ಯೋಜನೆಯನ್ನು ಭಾರತಕ್ಕಾಗಿ ತಂದರು, ಅದು ವರ್ಷಕ್ಕೆ 4,788. ಆಮೇಲೆ ಅದನ್ನೂ ನವೆಂಬರ್ 4ರಿಂದ ಸೇರಿದವರಿಗೆ ಒಂದು ವರ್ಷ ಉಚಿತವೆಂದರು. ಅದೇ ವರ್ಷದ ಜುಲೈಯಲ್ಲಿ ಏರ್‌ಟೆಲ್ ತನ್ನ ಗ್ರಾಹಕರಿಗೆ ಪರ್‌ಪ್ಲೆಕ್ಸಿಟಿ ಪ್ರೊವನ್ನು ಒಂದು ವರ್ಷ, ಅಕ್ಟೋಬರ್ ಕೊನೆಯಲ್ಲಿ ಜಿಯೋ ಗೂಗಲ್‌ನ ಜೆಮಿನಿ ಪ್ರೊವನ್ನು 18 ತಿಂಗಳು ಉಚಿತವಾಗಿ ಘೋಷಿಸಿದ್ದವು. ಈ ಔದಾರ್ಯವೇಕೆ? ಕೋಟ್ಯಂತರ ಭಾರತೀಯರ ಅಭ್ಯಾಸ ಮತ್ತು ಮಾತು ಅವರಿಗೆ ಬೇಕು. ಸಿಮ್ ಉಚಿತವಾಗಿ ಹಂಚಿದ ಕಾಲವನ್ನು ನಾವು ಮರೆತಿಲ್ಲ.

ಹಣ ಕಟ್ಟಿದರೆ ಸಿಗುವುದೇನು? ದಿನಕ್ಕೆ ಹೆಚ್ಚು ಪ್ರಶ್ನೆ, ಹೆಚ್ಚು ಶಕ್ತ ಮಾದರಿ, ದೊಡ್ಡ ಕಡತ ಓದಿಸುವ, ಚಿತ್ರ ಮಾಡಿಸುವ ಅವಕಾಶ. ಶಕ್ತ ಮಾದರಿ ತಪ್ಪುವುದು ಕಡಿಮೆ, ತಪ್ಪುವುದೇ ಇಲ್ಲವೆಂದಲ್ಲ. ಇಸ್ನಾದ್ ಹಣಕ್ಕೆ ಸಿಗುವುದಿಲ್ಲ. ಗುಟ್ಟು ಕೂಡಾ ತಾನಾಗಿ ಸಿಗುವುದಿಲ್ಲ; ಸೆಟ್ಟಿಂಗ್ಸ್‌ನಲ್ಲಿ ನಾವೇ ನಿಲ್ಲಿಸದ ಹೊರತು ವೈಯಕ್ತಿಕ ಚಂದಾದಾರರ ಮಾತುಗಳನ್ನೂ ತರಬೇತಿಗೆ ಬಳಸಲು ಓಪನ್‌ಎಐ ನಿಯಮದಲ್ಲಿ ಅವಕಾಶ ಇರಿಸಿಕೊಂಡಿದೆ. ಆದ್ದರಿಂದ ಮನೆಯ ಜಗಳ, ಕಾಯಿಲೆಯ ವರದಿ, ಆಧಾರ್ ಪ್ರತಿ ಇವುಗಳನ್ನು ಉಚಿತದಲ್ಲಾಗಲಿ ಹಣ ಕಟ್ಟಿದ್ದರಲ್ಲಾಗಲಿ ಸುರಿಯಬೇಡಿ.

ನಮ್ಮ ಅಭಿಪ್ರಾಯ ಸ್ಪಷ್ಟವಾಗಿದೆ. ಶಾಲೆ, ಪಿಯುಸಿ ಓದುವ ಮಕ್ಕಳಿರುವ ಮನೆಗೆ ಉಚಿತ ಆವೃತ್ತಿ ಸಾಕು. ಅರ್ಜಿಯ ಕರಡು, ಇಂಗ್ಲಿಷ್ ಅಭ್ಯಾಸ, ಲೆಕ್ಕದ ಹೆಜ್ಜೆಗಳ ವಿವರಣೆ ಎಲ್ಲವೂ ಅದರಲ್ಲಿ ನಡೆಯುತ್ತದೆ. ಆ ಹಣವನ್ನು ಮಗಳ ಪಠ್ಯಪುಸ್ತಕಕ್ಕೋ ಬಸ್ ಪಾಸಿಗೋ ಕೊಡಿ. ಪ್ರೋಗ್ರಾಂ ಬರೆದು ಸಂಪಾದಿಸುವ ಯುವಕ, ದಿನವಿಡೀ ಅನುವಾದ, ಡಿಟಿಪಿ ಮಾಡುವ ಅಂಗಡಿಯವರು, ಉಚಿತದ ಮಿತಿ ಪ್ರತಿದಿನ ಮುಗಿದು ಕೆಲಸ ನಿಲ್ಲುವಂತಹವರು, ಒಂದು ತಿಂಗಳು ಕಟ್ಟಿ ನೋಡಲಿ. ಉಳಿದ ಗಂಟೆಗಳನ್ನು ಕಾಗದದಲ್ಲಿ ಬರೆದಿಡಲಿ. ಚಂದಾಕ್ಕಿಂತ ಆ ಗಂಟೆಗಳ ಸಂಪಾದನೆ ಹೆಚ್ಚಿದ್ದರೆ ಮುಂದುವರಿಸಲಿ. ನೆರೆಯವನ ಬಳಿ ಇದೆ ಎಂಬುದು ಕಾರಣವಾದರೆ ಅದು ಇಸ್ರಾಫ್.

ಐದಾರು ಮನೆಯವರು ಸೇರಿ ಒಂದೇ ಖಾತೆ ಕೊಳ್ಳೋಣವೇ ಎಂದು ಮಾನ್ವಿಯ ಸಹೋದರರೊಬ್ಬರು ಚೀಟಿ ಕಳುಹಿಸಿದ್ದಾರೆ. ಓಪನ್‌ಎಐಯ ಷರತ್ತಿನಲ್ಲಿ ಖಾತೆಯನ್ನು ಇತರರಿಗೆ ಕೊಡಬಾರದೆಂದಿದೆ, ಅದಕ್ಕೆ ‘ಒಪ್ಪಿದೆ’ ಎಂದು ಒತ್ತಿದ ಮೇಲೆ ಒಪ್ಪಂದ ಪಾಲಿಸಬೇಕಾಗುತ್ತದೆ. ಮೇಲಾಗಿ ಒಬ್ಬರು ಕೇಳಿದ್ದನ್ನು ಮತ್ತೊಬ್ಬರು ಓದಬಹುದು.

ದೇವದುರ್ಗದ ಸಹೋದರಿಯೊಬ್ಬರ ಪ್ರಶ್ನೆ ಉಚಿತ ಕೊಡುಗೆಯ ಕುರಿತಾಗಿದೆ. ಸೇರುವಾಗ ಯುಪಿಐ ಅಥವಾ ಕಾರ್ಡಿನ ಒಪ್ಪಿಗೆ ಕೇಳಿದರೆ, ಅವಧಿ ಮುಗಿದ ದಿನ ಹಣ ತಾನಾಗಿ ಕಡಿತವಾಗುವ ಏರ್ಪಾಡು ಅದೆಂದು ತಿಳಿಯಿರಿ. ಕಡಿತಕ್ಕೆ 24 ಗಂಟೆ ಮೊದಲು ಸೂಚನೆ ಬರಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರ್‌ನಿಂದಲೂ ಇದೆ. ಆದರೆ ಆ ಸಂದೇಶ ಮಗನ ಮೊಬೈಲಿಗೆ ಬರುತ್ತದೆಯೋ ತಂದೆಯದಕ್ಕೋ ನೋಡಿಕೊಳ್ಳಿ. ಯುಪಿಐ ಆ್ಯಪ್‌ನಲ್ಲಿ ಆಟೋಪೇ ಎಂಬ ವಿಭಾಗವಿದೆ, ಈ ರಾತ್ರಿಯೇ ತೆರೆದು, ಅಲ್ಲಿ ಯಾವ ಯಾವ ಹೆಸರುಗಳಿವೆಯೋ ಒಮ್ಮೆ ಓದಿ.