ನಟಿಯ ಭೂಮಿಕೆ

‘ಭೂಮಿಕೆ’ ಎಂದರೆ ನಟರು ಧರಿಸುವ ಪಾತ್ರ. ಶ್ಯಾಮ್ ಬೆನೆಗಲ್ಲರು 1977ರಲ್ಲಿ ನಿರ್ದೇಶಿಸಿದ ಹಿಂದೀ ಚಿತ್ರಕ್ಕೆ ‘ಭೂಮಿಕಾ’ ಎಂಬುದೇ ಹೆಸರು. ಹುಡುಗಿಯೊಬ್ಬಳು ನಟಿಯಾದ ಕಥೆ ಅದು. ನಟಿಯಾದಳು ಎನ್ನುವುದಕ್ಕಿಂತ, ಅವಳನ್ನು ನಟಿಯನ್ನಾಗಿ ಮಾಡಿದರು ಎಂದರೆ ಹೆಚ್ಚು ಸರಿಯಾದೀತು.

ಕಥೆಗೆ ಮೂಲ ಮರಾಠಿಯ ಹೆಸರಾಂತ ತಾರೆ ಹಂಸಾ ವಾಡಕರ್ ಅವರ ಆತ್ಮಕಥೆ. ‘ಸಂತ ಸಖೂ’, ‘ರಾಮಶಾಸ್ತ್ರಿ’ ಚಿತ್ರಗಳನ್ನು ಕಂಡವರಿಗೆ ಆಕೆಯ ಪರಿಚಯ ಉಂಟು. ತಾವು ಅಭಿನಯಿಸಿದ, 1959ರ ‘ಸಾಂಗತ್ಯೆ ಐಕಾ’ ಚಿತ್ರದ ಹೆಸರನ್ನೇ ಆಕೆ ಪುಸ್ತಕಕ್ಕೂ ಇಟ್ಟರು. ‘ಹೇಳುತ್ತೇನೆ, ಕೇಳಿ’ ಎಂದು ಅದರ ಅರ್ಥ. ಸತ್ಯದೇವ ದುಬೆ, ನಮ್ಮ ಗಿರೀಶ ಕಾರ್ನಾಡ ಮತ್ತು ಬೆನೆಗಲ್ಲರು ಕೂಡಿ ಚಿತ್ರಕಥೆ ಬರೆದರು.

ಚಿತ್ರದ ನಾಯಕಿ ಉಷಾ ಕೊಂಕಣದವಳು. ಅಜ್ಜಿ ಹಾಡಿನ ಮನೆತನದವಳು. ಮೊಮ್ಮಗಳಿಗೆ ಸಂಗೀತ ಹೇಳಿಕೊಟ್ಟಳು. ತಂದೆ ತೀರಿಕೊಂಡು ಮನೆಗೆ ಕಷ್ಟ ಬಂದಾಗ, ಪರಿಚಿತನಾದ ಕೇಶವ ಅವಳನ್ನು ಮುಂಬಯಿಯ ಸ್ಟುಡಿಯೋಕ್ಕೆ ಕರೆದೊಯ್ದ. ಅಜ್ಜಿ ಕಲಿಸಿದ ಹಾಡು ಮನೆಯವರಿಗೆ ಅನ್ನವಾಯಿತು. ಬಾಲ್ಯದ ಈ ನೆನಪುಗಳನ್ನು ಛಾಯಾಗ್ರಾಹಕ ಗೋವಿಂದ ನಿಹಲಾನಿ ಕಪ್ಪು ಬಿಳುಪಿನಲ್ಲಿ ಹಿಡಿದಿದ್ದಾರೆ. ಅಂದಿನ ಸ್ಟುಡಿಯೋಗಳ ಕಾಲಕ್ಕೆ ಅದು ಒಪ್ಪುತ್ತದೆ.

ಮುಂದೆ ತಾಯಿಯ ಮಾತನ್ನು ಮೀರಿ ಉಷಾ ಕೇಶವನನ್ನೇ ಮದುವೆಯಾಗುತ್ತಾಳೆ. ಇನ್ನು ಬಣ್ಣ ಹಚ್ಚುವುದು ಬೇಡ, ಮನೆ ನೋಡಿಕೊಂಡಿರೋಣ ಎಂಬುದು ಅವಳ ಆಸೆ. ಗಂಡನಿಗೋ ಅವಳ ಸಂಪಾದನೆ ಬೇಕು. ಅವಳ ಮೇಲೆ ಸಂಶಯವೂ ಬಿಡದು. ಬೇಸತ್ತು ಅವಳು ಶ್ರೀಮಂತನಾದ ಕಾಳೆಯ ಮನೆ ಸೇರುತ್ತಾಳೆ. ಅಲ್ಲಿ ಗೃಹಿಣಿಯ ಮರ್ಯಾದೆ ಉಂಟು. ಆದರೆ ಮಗುವನ್ನು ಕರೆದುಕೊಂಡು ಜಾತ್ರೆಗೆ ಹೋಗಿಬರುವ ಸ್ವಾತಂತ್ರ್ಯವಿಲ್ಲ! ಆ ಮನೆಯಿಂದ ಹೊರಬೀಳಲು, ಬಿಟ್ಟುಬಂದ ಗಂಡನ ನೆರವನ್ನೇ ಬೇಡಬೇಕಾಗುತ್ತದೆ.

ಉಷೆಯ ಪಾತ್ರ ವಹಿಸಿದ ಸ್ಮಿತಾ ಪಾಟೀಲರಿಗೆ ಆಗಿನ್ನೂ ಇಪ್ಪತ್ತರ ಆಸುಪಾಸಿನ ವಯಸ್ಸು. ಷೋಡಶಿಯ ಚೆಲ್ಲಾಟದಿಂದ ಬೆಳೆದ ಮಗಳ ತಾಯಿಯ ದಣಿವಿನವರೆಗೆ ಎಲ್ಲವನ್ನೂ ಅವರು ಸಹಜವಾಗಿ ಅಭಿನಯಿಸಿದ್ದಾರೆ. ಅವರಿಗೂ ಚಿತ್ರಕಥೆಗೂ ರಾಷ್ಟ್ರಪ್ರಶಸ್ತಿ ಬಂದಿತು. ಸಹನಟ ರಾಜನ್ ಆಗಿ ನಮ್ಮ ಅನಂತನಾಗ್ ಇದ್ದಾರೆ.

ತೆರೆಯ ಮೇಲಿನ ಪಾತ್ರ ಮುಗಿದೊಡನೆ ಬಣ್ಣ ತೊಳೆದುಕೊಳ್ಳಬಹುದು. ಮಗಳು, ಹೆಂಡತಿ, ಪ್ರೇಯಸಿ ಎಂದು ಬೇರೆಯವರು ಹಂಚಿಕೊಟ್ಟ ಪಾತ್ರಗಳನ್ನು ತೊಳೆಯುವುದೆಂತು? ಕೊನೆಯಲ್ಲಿ ಉಷಾ ಹೋಟೆಲಿನ ಕೋಣೆಯಲ್ಲಿ ಒಬ್ಬಳೇ. ಮಗಳು ನೀಡಬಂದ ಆಸರೆಯನ್ನೂ ಅವಳು ಒಲ್ಲೆನೆನ್ನುತ್ತಾಳೆ. ಒಂಟಿತನ ಕಹಿಯಾದರೂ, ಅದು ಅವಳೇ ಆರಿಸಿಕೊಂಡದ್ದು.

ಇದು ಚಿತ್ರತಾರೆಯರ ಪಾಡು, ನಮಗೇಕೆ ಎಂದೀರಿ. ತಿಂಗಳ ಸಂಬಳ ತಂದು ಮನೆ ನಡೆಸುವ ಹೆಣ್ಣುಮಕ್ಕಳು ಈಗ ಎಷ್ಟೋ ಮನೆಗಳಲ್ಲಿದ್ದಾರೆ. ಆ ಹಣವನ್ನು ಏನು ಮಾಡಬೇಕೆಂದು ಎಲ್ಲರೂ ಹೇಳುತ್ತಾರೆ. ‘ನಿನ್ನ ಇಷ್ಟವೇನಮ್ಮ?’ ಎಂದು ಅವಳನ್ನು ಕೇಳುವವರು ಎಷ್ಟು ಮಂದಿ? ಉಷೆಯನ್ನು ಯಾರಾದರೂ ಒಮ್ಮೆ ಹಾಗೆ ಕೇಳಿದ್ದರೆ, ಅವಳ ಕಥೆ ಬೇರೆಯಾಗುತ್ತಿತ್ತೇನೋ.